ಹೊರಹೋದವರ ವಹಿ

ಆರು ವರ್ಷಗಳಲ್ಲಿ ಅವಳಿಗೆ ಹದಿನೇಳು ಪತ್ರ ಬಂದಿದ್ದವು. ಇತಿಹಾಸದಲ್ಲಿ ಪಿಎಚ್.ಡಿ. ಮಾಡಬೇಕೆಂದು ಅವಳು ಹಾಕಿದ ಅರ್ಜಿಗಳಿಗೆ ವಿಶ್ವವಿದ್ಯಾಲಯಗಳು ಕೊಟ್ಟ ಉತ್ತರಗಳು ಅವು. ಊರು ಬೇರೆ, ಮುದ್ರೆ ಬೇರೆ, ಸಹಿ ಬೇರೆ. ಮಾತು ಮಾತ್ರ ಒಂದೇ. ತಮಗೆ ಪ್ರವೇಶ ನೀಡಲಾಗುತ್ತಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ. ಯಾಕೆ ಎಂಬುದು ಒಂದರಲ್ಲೂ ಇರಲಿಲ್ಲ. ಮೊದಲ ಪತ್ರ ಬಂದ ದಿನ ಅಮ್ಮ ಅದನ್ನು ಎರಡು ಸಲ ಓದಿ, "ಪಾಪ, ನಮಗಿಂತ ಅವರಿಗೇ ಜಾಸ್ತಿ ಬೇಜಾರಾಗಿರೋ ಹಾಗಿದೆ" ಅಂದಿದ್ದಳು. ಐದನೆಯದರ ಹೊತ್ತಿಗೆ ಮನೆಯಲ್ಲಿ ಆ ಪತ್ರಗಳಿಗೆ ವಿಷಾದ ಎಂದೇ ಹೆಸರು ಬಿದ್ದಿತ್ತು. ಸಂಜೆ ಅವಳು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅಮ್ಮ ಒಳಗಿನಿಂದಲೇ ಕೇಳುತ್ತಿದ್ದಳು.

"ಇವತ್ತು ವಿಷಾದ ಏನಾದ್ರೂ ಬಂತೇನೆ?"

"ಇಲ್ಲ."

"ಹಾಗಾದ್ರೆ ನಾಳೆ ಬರುತ್ತೆ ಬಿಡು."

ಅಮ್ಮ ದೊಡ್ಡಾಸ್ಪತ್ರೆಯಲ್ಲಿ ಮೂವತ್ತೆರಡು ವರ್ಷ ನರ್ಸಾಗಿದ್ದವಳು. ಕೆಟ್ಟ ಸುದ್ದಿಯನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುವುದು ಅವಳಿಗೆ ಅಭ್ಯಾಸ.

ಮಗಳು ಕೆಲಸ ಮಾಡುತ್ತಿದ್ದದ್ದು ಹಳೆಯ ದಾಖಲೆಗಳ ಕಚೇರಿಯಲ್ಲಿ, ದುರಸ್ತಿ ಕೋಣೆಯಲ್ಲಿ. ಹುಳ ತಿಂದ, ನೀರು ಕುಡಿದ, ಮಡಿಕೆಯಲ್ಲಿ ಹರಿದ ಕಾಗದಗಳಿಗೆ ತೆಳುಕಾಗದದ ತೇಪೆ ಹಚ್ಚುವುದು ಅವಳ ಕೆಲಸ. ಬೆಳಿಗ್ಗೆ ಹಿಟ್ಟಿನ ಅಂಟು ಕಾಯಿಸುವುದರಿಂದ ದಿನ ಶುರು. ಇತಿಹಾಸದ ಎಂ.ಎ.ಯಲ್ಲಿ ಮೊದಲ ದರ್ಜೆ ಪಡೆದವಳು ಎಂದು ಕಚೇರಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವಳು ಅಂಟಕ್ಕ. ಆ ಹೆಸರಿಟ್ಟವನು ಉಗ್ರಾಣದ ಬೀಗದ ಕೈ ಇಟ್ಟುಕೊಂಡಿದ್ದ ಬೀಗದಣ್ಣ. ಅವನ ಹೆಸರೂ ಯಾರಿಗೂ ನೆನಪಿರಲಿಲ್ಲ. ಹಾಗಾಗಿ ಲೆಕ್ಕ ಸರಿಹೋಗಿತ್ತು.

ವಿಷಾದಗಳಲ್ಲಿ ಮೊದಮೊದಲಿನವು ಅಂಚೆಯಲ್ಲಿ ಬಂದವು. ದಪ್ಪ, ಒರಟು, ಒಳ್ಳೆಯ ಕಾಗದ. ಅವುಗಳನ್ನು ಅವಳು ಹರಿಯಲಿಲ್ಲ, ಸುಡಲಿಲ್ಲ. ಬೇಕಾದ ಅಳತೆಗೆ ಕತ್ತರಿಸಿ ಒದ್ದೆ ತೇಪೆಯ ಮೇಲೆ ಹೀರುಕಾಗದದ ಹಾಗೆ ಇಟ್ಟು, ಅದರ ಮೇಲೆ ಕಲ್ಲಿನ ತೂಕ ಹೇರುತ್ತಿದ್ದಳು. ನೀರು ಚೆನ್ನಾಗಿ ಹೀರುತ್ತಿದ್ದವು. ಆಮೇಲಾಮೇಲೆ ಎಲ್ಲ ಮೇಲ್‌ನಲ್ಲಿ ಬರತೊಡಗಿದವು. ಅವುಗಳಿಂದ ಆ ಉಪಯೋಗವೂ ಇರಲಿಲ್ಲ.

ಮೊದಲ ವರ್ಷ ಅವಳು ಅತ್ತಿದ್ದಳು, ಎರಡು ದಿನ ರಜೆ ಹಾಕಿ. ಮುಂದಿನ ವರ್ಷ ಪ್ರಸ್ತಾವವನ್ನು ತಿದ್ದಿ ಬರೆದಳು. ಅದರ ಮುಂದಿನ ವರ್ಷ ಶಿಫಾರಸು ಪತ್ರ ಕೇಳಲು ಹೋದಾಗ ಕಾಲೇಜಿನ ಮೇಷ್ಟ್ರು, "ಹಳೇದೇ ಇದೆಯಲ್ಲಮ್ಮ, ತಾರೀಕು ಬದಲಾಯಿಸಿ ಕೊಡ್ತೀನಿ" ಅಂದರು. ಅವರು ತಾರೀಕು ಬದಲಾಯಿಸಿ ಕೊಡುತ್ತಲೇ ಹೋದರು. ಐದನೆಯ ವರ್ಷದ ಮೂರು ವಿಷಾದಗಳನ್ನು ಓದಿದಾಗ ಅವಳಿಗೆ ಏನೂ ಅನ್ನಿಸಲಿಲ್ಲ. ಏನೂ ಅನ್ನಿಸುತ್ತಿಲ್ಲವಲ್ಲ ಎಂದು ಒಂದು ಕ್ಷಣ ಗಾಬರಿಯಾಯಿತು. ಆಮೇಲೆ ಅದೂ ಆರಿತು. ಪ್ರವೇಶಕ್ಕೆ ವಯಸ್ಸಿನ ಮಿತಿ ಮೂವತ್ತೈದು. ಈಗ ಅವಳಿಗೆ ಮೂವತ್ತೈದು ತುಂಬಲು ಎರಡು ತಿಂಗಳಿತ್ತು. ಈ ವರ್ಷದ್ದೇ ಕೊನೆ.

ಅವಳು ಬರೆಯಬೇಕೆಂದಿದ್ದದ್ದು ಒಂದೇ ಒಂದು ಪುಸ್ತಕದ ಬಗ್ಗೆ.

ಊರಿನ ಆಚೆ, ಈಗ ಬಸ್ ಡಿಪೋ ಇರುವಲ್ಲಿ, ನೂರು ವರ್ಷದ ಹಿಂದೆ ಒಂದು ಸಾಂಕ್ರಾಮಿಕದ ಕಾಲಕ್ಕೆ ತಡೆಶಿಬಿರವಿತ್ತು. ಜ್ವರ ಬಂದವರನ್ನು, ಜ್ವರ ಬಂದವರ ಪಕ್ಕದಲ್ಲಿ ಮಲಗಿದ್ದವರನ್ನು ಗಾಡಿಯಲ್ಲಿ ಹೇರಿ ಅಲ್ಲಿಗೆ ಒಯ್ಯುತ್ತಿದ್ದರು. ಶಿಬಿರ ಹೋಗಿ ಡಿಪೋ ಬಂದರೂ ಊರಿನ ಬಾಯಲ್ಲಿ ಅದು ಉಳಿದಿತ್ತು. ಸಾಲ ತೆಗೆದುಕೊಂಡವನು ಪತ್ತೆಯಿಲ್ಲದಿದ್ದರೆ, ಅಂಗಡಿಗೆ ಕಳಿಸಿದವರು ಬರುವುದು ತಡವಾದರೆ, "ಶಿಬಿರಕ್ಕೆ ಹೋದ್ರೇನೋ" ಅನ್ನುತ್ತಿದ್ದರು. ಹೋದವರು ಬರುವುದಿಲ್ಲ ಎಂದು ಅರ್ಥ. ಅಂದವರೂ ನಗುತ್ತಿದ್ದರು, ಕೇಳಿದವರೂ ನಗುತ್ತಿದ್ದರು.

ಏಳು ವರ್ಷದ ಹಿಂದೆ ದುರಸ್ತಿಗೆ ಬಂದ ಕಟ್ಟೊಂದರಲ್ಲಿ ಅವಳಿಗೆ ಆ ಶಿಬಿರದ ವಹಿ ಸಿಕ್ಕಿತು. ರಟ್ಟಿನ ಮೇಲೆ 'ಹೊರಹೋದವರ ವಹಿ' ಎಂದಿತ್ತು. ಒಂದೇ ಬದಿಗೆ ಬರೆದ ನಲವತ್ತೊಂದು ಹಾಳೆ. ಹಾಳೆಗೆ ಹತ್ತು ಸಾಲು, ಸಾಲಿಗೊಬ್ಬರು: ಹೆಸರು, ವಯಸ್ಸು, ಕಸುಬು, ತಾರೀಕು. ಕೊನೆಯ ಅಂಕಣದಲ್ಲಿ ಏನಾದರು ಎಂಬುದು. ಹಾಳೆಗಳ ಮೇಲಂಚು ಯಾವುದೋ ಕಾಲದಲ್ಲಿ ತೇವಕ್ಕೆ ಸಿಕ್ಕಿ ಜೀರ್ಣವಾಗಿತ್ತು. ಹಿಂದಿನ ಯಾವನೋ ದುರಸ್ತಿಗಾರ ಅಲ್ಲಿಗೆ ದಪ್ಪ ಕಂದು ಕಾಗದದ ಪಟ್ಟಿ ಬಡಿದು ಕೈತೊಳೆದುಕೊಂಡಿದ್ದ. ಅದರಡಿ ಪ್ರತಿ ಹಾಳೆಯ ಮೊದಲ ಸಾಲು ಮುಚ್ಚಿಹೋಗಿತ್ತು. ಹದಿನಾಲ್ಕನೆಯ ಹಾಳೆ ಮಾತ್ರ ಬಿಡಿಯಾಗಿ ಬೇರೊಂದು ಲಕೋಟೆಯಲ್ಲಿ ಉಳಿದು, ತೇವದಿಂದಲೂ ತೇಪೆಯಿಂದಲೂ ಪಾರಾಗಿತ್ತು. ಅದರ ಮೊದಲ ಸಾಲಿನಲ್ಲಿ ನೂಲುವ ಹೆಂಗಸೊಬ್ಬಳು. ವಯಸ್ಸು ಇಪ್ಪತ್ತೆರಡು. ಕೊನೆಯ ಅಂಕಣದಲ್ಲಿ ದುಂಡನೆಯ ಅಕ್ಷರದಲ್ಲಿ 'ಮನೆಗೆ ಹಿಂದಿರುಗಿದಳು.' ಅವಳ ಕೆಳಗಿನ ಒಂಬತ್ತು ಜನರ ಮುಂದೆ 'ಹಿಂ.' ಎಂದು ಒಂದೊಂದೇ ಅಕ್ಷರ, ಒಂದೊಂದು ಚುಕ್ಕೆ.

ಉಳಿದ ನಲವತ್ತು ಹಾಳೆಗಳಲ್ಲೂ ತೇಪೆಯ ಕೆಳಗೆ ಕಾಣುತ್ತಿದ್ದ ಒಂಬತ್ತೊಂಬತ್ತು ಸಾಲಿನ ಮುಂದೆ ಅದೇ. ಹಿಂ. ಹಿಂ. ಹಿಂ.

ಅವಳು ಎಣಿಸಿದ್ದಳು. ಮುನ್ನೂರ ಅರವತ್ತೊಂಬತ್ತು 'ಹಿಂ.', ಜೊತೆಗೆ ನೂಲುವವಳು. ಮುನ್ನೂರ ಎಪ್ಪತ್ತು ಜನ ಮನೆಗೆ ಹಿಂದಿರುಗಿದ್ದರು. ಊರು ನೂರು ವರ್ಷ ಸುಳ್ಳು ಹೇಳಿಕೊಂಡು ಬಂದಿತ್ತು. ಈ ಸುಳ್ಳಿನ ಮೇಲೆ, ಈ ಮುನ್ನೂರ ಎಪ್ಪತ್ತು ಜನರ ಮೇಲೆ, ಅವರು ಗಾಡಿಯಿಲ್ಲದೆ ನಡೆದು ಬಂದಿರಬೇಕಾದ ದಾರಿಯ ಮೇಲೆ ಅವಳು ಪ್ರಸ್ತಾವ ಬರೆದಳು. 'ಹಿಂದಿರುಗಿದವರು' ಎಂದು ಹೆಸರಿಟ್ಟಳು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಮೇಲೆ ಕೆಲವೊಮ್ಮೆ ಹಾಳೆ ತೆಗೆದು ಓದುತ್ತಿದ್ದಳು. ಬಡಗಿ, ಐವತ್ತು. ಹಿಂ. ಕುರುಡ, ಕಸುಬಿಲ್ಲ. ಹಿಂ. ಕುರುಡನನ್ನು ಯಾರು ಕೈಹಿಡಿದು ಕರೆತಂದರೋ ಎಂದು ಯೋಚಿಸುತ್ತಿದ್ದಳು. ವಿಷಾದ ಬಂದ ದಿನಗಳಲ್ಲಿ ಹೆಚ್ಚು ಹೊತ್ತು ಓದುತ್ತಿದ್ದಳು.

ಆ ಸೋಮವಾರ ಬಂದ ಮೇಲ್ ವಿಷಾದವಾಗಿರಲಿಲ್ಲ. ಮುಂದಿನ ವಾರ ಗುರುವಾರ ಸಂದರ್ಶನಕ್ಕೆ ಬರುವುದು. ಬರುವಾಗ ಮೂಲ ವಹಿಯ ಮೂರ್ನಾಲ್ಕು ಹಾಳೆಗಳ ಸ್ಪಷ್ಟ ಛಾಯಾಚಿತ್ರ ತರುವುದು. ಆರು ವರ್ಷಗಳಲ್ಲಿ ಯಾರೂ ಅವಳನ್ನು ಮುಖ ತೋರಿಸಲು ಕರೆದಿರಲಿಲ್ಲ.

ಸಂಜೆ ಅಮ್ಮ ಕೇಳುವ ಮೊದಲೇ ಅವಳು ಹೇಳಿದಳು. ಅಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದಳು.

"ಪಾಪ, ವಿಷಾದಪಟ್ಟು ಪಟ್ಟು ಸುಸ್ತಾಗಿರಬೇಕು," ಅಂದಳು. ಆಮೇಲೆ ಒಳಗೆ ಹೋಗಿ ತುಂಬ ಹೊತ್ತು ಮುಖ ತೊಳೆದಳು.

ಚಿತ್ರ ತೆಗೆಯಬೇಕೆಂದರೆ ಹಾಳೆ ನೋಡುವ ಹಾಗಿರಬೇಕು. ಆ ಕಂದು ಪಟ್ಟಿ ಅವಳ ಕಣ್ಣಿಗೆ ಏಳು ವರ್ಷದಿಂದ ಚುಚ್ಚುತ್ತಿತ್ತು. ವಹಿ ಸರದಿಯಲ್ಲಿ ಬರಲಿ ಎಂದು ಮೇಲ್ವಿಚಾರಕರು ತಡೆಹಿಡಿದಿದ್ದರು. ಸಂದರ್ಶನದ ವಿಷಯ ಹೇಳಿದಾಗ ಅವರು ಕಡತದಿಂದ ತಲೆಯೆತ್ತದೆ, "ನಾಲ್ಕು ಹಾಳೆ ಮಾಡ್ಕೊಳಿ. ಚೀಟಿ ಬರೆದಿಡೋದು ಮರೀಬೇಡಿ" ಅಂದರು. ದುರಸ್ತಿಯಾದ ಪ್ರತಿ ಹಾಳೆಯ ಜೊತೆ ಒಂದು ಚೀಟಿ ಇರಬೇಕೆಂಬುದು ಅಲ್ಲಿನ ನಿಯಮ. ಏನು ತೆಗೆದೆವು, ಏನು ಹಚ್ಚಿದೆವು, ಹೊಸದಾಗಿ ಏನು ಕಂಡಿತು. ಮುಂದೆ ಓದುವವನಿಗೆ ಅನುಕೂಲವಾಗಲಿ ಎಂದು.

ಶನಿವಾರ ಅರ್ಧ ದಿನದ ಕಚೇರಿ. ಬೀಗದಣ್ಣ ವಹಿಯನ್ನು ತಂದು ಮೇಜಿನ ಮೇಲಿಟ್ಟ.

"ಅಂಟಕ್ಕ, ನೀವು ಡಾಕ್ಟ್ರಾದ್ಮೇಲೆ ನನ್ನ ಮಂಡಿನೋವಿಗೆ ಏನಾದ್ರೂ ಕೊಡ್ತೀರಾ?"

"ಆ ಡಾಕ್ಟ್ರಲ್ಲ ಅಣ್ಣ."

"ಗೊತ್ತು. ಆದ್ರೂ ಕೇಳಿಟ್ಟಿರೋಣ ಅಂತ."

ಅವಳು ಮೊದಲ ಹಾಳೆಯ ಕಂದು ಪಟ್ಟಿಯ ಮೇಲೆ ಒದ್ದೆ ಕುಂಚ ಆಡಿಸಿದಳು. ತೇವದ ಹೀರುಕಾಗದ ಹಾಸಿ, ಗಾಜಿನ ಹಲಗೆ ಇಟ್ಟು, ಅರ್ಧ ಗಂಟೆ ಬಿಟ್ಟಳು. ಹಳೆಯ ಅಂಟು ಅವಸರಪಡಿಸಿದರೆ ಅಕ್ಷರ ಕಿತ್ತುಕೊಂಡು ಬರುತ್ತದೆ. ಸುಮ್ಮನಿದ್ದರೆ ತಾನಾಗಿ ಬಿಡುತ್ತದೆ. ಚಪ್ಪಟೆ ಅಲಗಿನಿಂದ ಮೂಲೆ ಎತ್ತಿದಳು. ಪಟ್ಟಿ ಒದ್ದೆ ಬಟ್ಟೆಯಂತೆ ಇಡಿಯಾಗಿ ಎದ್ದು ಬಂತು.

ಕೆಳಗಿನ ಶಾಯಿ ಕಂದಿರಲಿಲ್ಲ. ನೂರು ವರ್ಷ ಬೆಳಕು ಕಾಣದ ಶಾಯಿ ಉಳಿದ ಸಾಲುಗಳಿಗಿಂತ ಕಪ್ಪಾಗಿತ್ತು. ನೇಕಾರ, ವಯಸ್ಸು ನಲವತ್ತು. ಕೊನೆಯ ಅಂಕಣದಲ್ಲಿ ಅದೇ ದುಂಡನೆಯ ಕೈ: 'ಮೃತ.'

ಅದರ ಕೆಳಗೆ ಹಿಂ. ಅದರ ಕೆಳಗೆ ಹಿಂ.

ಪಾಪ, ಒಬ್ಬನಾದರೂ ಸತ್ತಿರಲೇಬೇಕಲ್ಲ ಎಂದು ಮೊದಲು ಅಂದುಕೊಂಡಳು. ಹಾಗೆ ಅಂದುಕೊಳ್ಳುತ್ತಲೇ ಅವಳ ಕೈ ಎರಡನೆಯ ಹಾಳೆಯ ಮೇಲೆ ಕುಂಚ ಆಡಿಸುತ್ತಿತ್ತು. ಎರಡನೆಯದರ ಮೊದಲ ಸಾಲು, ಮೃತ. ಮೂರನೆಯದು, ಮೃತಳು. ಅಲ್ಲಿಗೆ ನಿಲ್ಲಿಸಿದಳು. ಕಿಟಕಿಯಾಚೆ ಯಾರೋ ಸ್ಕೂಟರ್ ಒದೆಯುತ್ತಿದ್ದರು. ಅದು ಹತ್ತುತ್ತಿರಲಿಲ್ಲ. ಹತ್ತುವವರೆಗೂ ಅವಳು ಕೇಳುತ್ತ ಕೂತಳು.

ಮನೆಗೆ ಬಂದಾಗ ಅಮ್ಮ ಒಣಗಿದ ಬಟ್ಟೆಗಳ ರಾಶಿಯ ಮುಂದೆ ಕೂತಿದ್ದಳು. ಇವಳೂ ಎದುರು ಕೂತು ದಿಂಬಿನ ಚೀಲವೊಂದನ್ನು ಎತ್ತಿಕೊಂಡಳು.

"ಅಮ್ಮ, ವಾರ್ಡಿನ ರಿಜಿಸ್ಟರ್ ನೀವು ನರ್ಸುಗಳೇ ಬರೀತಿದ್ರಲ್ಲ."

"ಮತ್ತೇನು, ಡಾಕ್ಟ್ರು ಬರೀತಾರಾ?"

"ಅದ್ರಲ್ಲಿ ಹಿಂ. ಅಂತ ಒಂದಕ್ಷರ, ಚುಕ್ಕೆ. ಹಾಗಿದ್ರೆ ಏನರ್ಥ?"

"ಹಿಂದಿನಂತೆ." ಅಮ್ಮ ಬಟ್ಟೆಯಿಂದ ಕಣ್ಣೆತ್ತಲಿಲ್ಲ. "ಮೇಲಿನವರಿಗೆ ಏನು ಬರ್ದಿದೆಯೋ ಇವರಿಗೂ ಅದೇ ಅಂತ. ಒಂದೊಂದು ದಿನ ಹತ್ತು ಹನ್ನೆರಡು ಇರೋದು. ಎಲ್ಲರಿಗೂ ಪೂರ್ತಿ ಬರೀತಾ ಕೂತ್ರೆ ಕೈ ಬಿದ್ದುಹೋಗಲ್ವೇನೆ? ಯಾಕೆ?"

ಅವಳು ಹೇಳಿದಳು. ಆರು ವರ್ಷ ಅಮ್ಮನಿಗೆ ವಿಷಾದಗಳನ್ನು ತೋರಿಸಿದ್ದಳು. ವಹಿಯ ಒಂದು ಸಾಲನ್ನೂ ತೋರಿಸಿರಲಿಲ್ಲ. ಅಮ್ಮನಿಗೆ ಇತಿಹಾಸ ಏನು ಗೊತ್ತು ಎಂದು ಯಾವತ್ತೂ ಬಾಯಿಬಿಟ್ಟು ಅಂದಿರಲಿಲ್ಲ, ಅಂದುಕೊಂಡಿದ್ದಳು, ಅಷ್ಟೇ.

ಅಮ್ಮ ಪೂರ್ತಿ ಕೇಳಿಸಿಕೊಂಡಳು. "ಹೊರಹೋದವರು ಅಂತಲ್ವಾ ಬರ್ದಿರೋದು ಮೇಲೆ? ಆಸ್ಪತ್ರೆಯಿಂದ ಹೊರಗೆ ಹೋಗೋಕೆ ಎರಡು ಬಾಗಿಲು ಕಣೆ. ಮುಂದಿಂದೊಂದು, ಹಿಂದಿಂದೊಂದು. ಪುಸ್ತಕ ಒಂದೇ."

ಇಬ್ಬರೂ ಸ್ವಲ್ಪ ಹೊತ್ತು ಬಟ್ಟೆ ಮಡಚಿದರು.

"ನಿಮ್ಮಪ್ಪನ್ನ ನಾನೇ ಬರ್ದೆ," ಅಂದಳು ಅಮ್ಮ. "ಅವತ್ತು ನಂದೇ ಪಾಳಿ. ಪುಟದಲ್ಲಿ ಮೂರನೇ ಸಾಲು."

ಅಪ್ಪ ಹೋದಾಗ ಮಗಳಿಗೆ ಹದಿನಾಲ್ಕು. ಇದನ್ನು ಅವಳು ಕೇಳಿರಲಿಲ್ಲ.

"ಏನಂತ ಬರ್ದೆ?"

"ಹಿಂ." ಅಮ್ಮ ಮಡಚಿದ ಬಟ್ಟೆಯ ಅಂಚನ್ನು ಬೆರಳಿನಿಂದ ತೀಡಿದಳು. "ಪೂರ್ತಿ ಬರೀಬೇಕು ಅನ್ನಿಸ್ತು. ಪೆನ್ನೂ ಇಟ್ಟೆ. ಮೇಲಿನ ಇಬ್ಬರಿಗೂ ಮನೆಯವರಿದ್ರು, ಹೊರಗೆ ಬೆಂಚಿನ ಮೇಲೆ ಕೂತಿದ್ರು. ನಮ್ಮನೆಯವರು ಅಂತ ಇವರಿಗೊಬ್ಬರಿಗೆ ಬೇರೆ ಬರಿಯೋದು ಯಾಕೆ ಅಂತ ಹಾಗೇ ಬರ್ದೆ."

ಮಗಳು ಮಡಚಿದ್ದ ದಿಂಬಿನ ಚೀಲವನ್ನು ಅಮ್ಮ ತೆಗೆದುಕೊಂಡು, ಬಿಡಿಸಿ, ತನ್ನ ರೀತಿಯಲ್ಲಿ ಮಡಚಿದಳು.

ಸೋಮವಾರ ಬೀಗದಣ್ಣ ಚಹಾದ ಹೊತ್ತಿಗೆ ಬಂದು ಎದುರಿಗೆ ನಿಂತ. ಮೇಜಿನ ಮೇಲೆ ಮೂರು ಕಂದು ಪಟ್ಟಿಗಳು ಒಣಗಿ ಸುರುಟಿಕೊಂಡಿದ್ದವು. ಅವನಿಗೆ ಎಲ್ಲವನ್ನೂ ಹೇಳಬೇಕೆಂದಿರಲಿಲ್ಲ. ಆದರೆ ಬೇರೆ ಯಾರಿಗೆ ಹೇಳುವುದು? ಕೇಳಿ ಅವನು ಗಡ್ಡ ಕೆರೆದುಕೊಂಡ.

"ಇಂಟರ್‌ವ್ಯೂ ಯಾವತ್ತು?"

"ಗುರುವಾರ."

"ಹಾಗಾದ್ರೆ ಆ ಪಟ್ಟಿನ ಎಲ್ಲಿಂದ ಕಿತ್ರೋ ಅಲ್ಲಿಗೇ ಅಂಟಿಸಿ ಬಿಡಿ. ನಾನಂತೂ ನೋಡಿಲ್ಲ. ಹದಿನಾಲ್ಕನೇದರ ಫೋಟೋ ತಗೊಂಡು ಹೋಗಿ. ಅದ್ರಲ್ಲಿ ಬಂದವರೇ ಇದಾರಲ್ಲ?"

"ಉಳಿದವರು?"

"ಉಳಿದವರೇನು ಎದ್ದು ಬಂದು ಸಾಕ್ಷಿ ಹೇಳ್ತಾರಾ? ಆರು ವರ್ಷ ಆಯ್ತಕ್ಕ. ಕಲ್ಲಲ್ಲಿ ನಾರು ತೆಗೆದ ಹಾಗೆ ತೆಗೆದಿದೀರಿ. ಈಗ ಯಾರೋ ಒಬ್ಬ ಗುಮಾಸ್ತ ಸೋಮಾರಿತನ ಮಾಡಿದ ಅಂತ ಬಿಟ್ಟುಬಿಡ್ತೀರಾ? ಸೀಟು ಸಿಗಲಿ. ಆಮೇಲೆ ಒಳಗೆ ಕೂತ್ಕೊಂಡು ನಿಧಾನಕ್ಕೆ ಪತ್ತೆ ಹಚ್ಚಿ, ಅಯ್ಯೋ ತಪ್ಪಾಯ್ತು ಅನ್ನಿ. ದೊಡ್ಡವರೆಲ್ಲ ಹಾಗೇ ಮಾಡೋದು."

ಅವನ ಮಾತಿನಲ್ಲಿ ಹುಳುಕಿರಲಿಲ್ಲ. ಅದೇ ಕಷ್ಟವಾಗಿತ್ತು. ಮಂಗಳವಾರ ಮಧ್ಯಾಹ್ನ ಅವಳು ಹೊಸದಾಗಿ ಅಂಟು ಕಾಯಿಸಿದಳು, ಕುಂಚ ಅದ್ದಿದರೆ ಜಾರದ ಹಾಗೆ, ದಪ್ಪವೂ ಅಲ್ಲ ತೆಳುವೂ ಅಲ್ಲ. ಪಟ್ಟಿಗಳನ್ನು ತೇವ ಮಾಡಿ ನೇರ ಮಾಡಿದಳು. ಹಳೆಯ ಕಲೆ ಹಳೆಯ ಕಲೆಗೆ ಕೂಡುವ ಹಾಗೆ ಇಟ್ಟು ನೋಡಿದಳು. ಕೂದಲೆಳೆ ಅಂತರವಿಲ್ಲದೆ ಕೂತವು. ಅವಳಿಗಿಂತ ಚೆನ್ನಾಗಿ ಈ ಕೆಲಸ ಮಾಡುವವರು ಆ ಕಚೇರಿಯಲ್ಲಿ ಇರಲಿಲ್ಲ. ಬೇರೆಲ್ಲೂ ಇದ್ದಂತಿಲ್ಲ. ಒಂದು ಸಲ ಅಂಟಿಸಿದರೆ ಇನ್ನು ನೂರು ವರ್ಷ ಯಾರೂ ಎತ್ತುವುದಿಲ್ಲ. ಮುನ್ನೂರ ಎಪ್ಪತ್ತು ಜನ ಮನೆಯಲ್ಲೇ ಇರುತ್ತಾರೆ. ಅವಳೂ ಎಲ್ಲಿಗಾದರೂ ಹೋಗುತ್ತಾಳೆ.

ಕುಂಚ ಕೈಯಲ್ಲಿ ಹಿಡಿದು ಕೂತಳು. ನಾಲ್ಕು ಗಂಟೆಯಾಯಿತು, ಐದಾಯಿತು. ಬಟ್ಟಲಿನ ಅಂಟಿನ ಮೇಲೆ ಕೆನೆ ಕಟ್ಟಿತು, ಕೆನೆ ಬಿರಿಯಿತು. ಬೀಗದಣ್ಣ ಬಾಗಿಲಲ್ಲಿ ಬೀಗದ ಕೈ ಅಲ್ಲಾಡಿಸಿದಾಗ ಎದ್ದು ಬಟ್ಟಲನ್ನು ತೊಳೆದಳು. ಇದರಲ್ಲಿ ಸತ್ಯಸಂಧತೆ ಏನೂ ಇರಲಿಲ್ಲ. ಕೈ ಏಳಲಿಲ್ಲ, ಅಷ್ಟೇ.

ಗುರುವಾರ ಆ ದೂರದ ಊರಿನ ವಿಭಾಗದ ಹೊರಗೆ ಬೆಂಚಿನ ಮೇಲೆ ಐದು ಜನ ಕೂತಿದ್ದರು. ಎಲ್ಲರೂ ಅವಳಿಗಿಂತ ಹತ್ತು ವರ್ಷಕ್ಕೆ ಚಿಕ್ಕವರು. ಪಕ್ಕದ ಹುಡುಗಿ, "ಮೇಡಂ, ನೀವು ಯಾರ ಜೊತೆ ಬಂದಿದೀರಿ?" ಎಂದು ಕೇಳಿದಳು.

ಒಳಗೆ ಮೂವರಿದ್ದರು. ನಡುವಿನವರು ಹಿರಿಯ ಪ್ರಾಧ್ಯಾಪಕಿ. ಕೆಮ್ಮು ಬಂದಿತ್ತು, ಮುಂದೆ ಬಿಸಿನೀರಿನ ಲೋಟವಿತ್ತು. ಎಡಗಡೆಯವನು ಎಳೆಯ ಅಧ್ಯಾಪಕ, ಬಲಗಡೆಯವರು ಗಡಿಯಾರ ನೋಡುತ್ತಿದ್ದರು. ಅವಳು ನಾಲ್ಕು ಚಿತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಮೂರರಲ್ಲಿ ಮೊದಲ ಸಾಲು ಕಪ್ಪಗೆ ಹೊಳೆಯುತ್ತಿತ್ತು. ಅವರು ಕೇಳುವ ಮೊದಲೇ ಹೇಳಿಬಿಟ್ಟಳು. ನನ್ನ ಪ್ರಸ್ತಾವ ತಪ್ಪು. ಹಿಂ. ಅಂದರೆ ಹಿಂದಿರುಗಿದವರಲ್ಲ, ಹಿಂದಿನಂತೆ. ಶನಿವಾರ ಗೊತ್ತಾಯಿತು.

ಪ್ರಾಧ್ಯಾಪಕಿ ಕನ್ನಡಕ ಸರಿಮಾಡಿಕೊಂಡು ಮೊದಲ ಚಿತ್ರವನ್ನು ನೋಡಿದರು. ನೋಡುತ್ತಲೇ ಇದ್ದರು.

"ನೀವಾಗಿ ಹೇಳಿದ್ದು ಒಳ್ಳೇದಾಯ್ತು," ಅಂದರು. "ಇದನ್ನು ಕೇಳೋಣ ಅಂತಲೇ ಈ ಸಲ ಕರೆಸಿದ್ದು."

"ನಿಮಗೆ ಗೊತ್ತಿತ್ತಾ?"

"ಅನುಮಾನ ಇತ್ತು. ನೀವು ಮೊದಲ ಸಲ ನಮ್ಮಲ್ಲಿಗೆ ಅರ್ಜಿ ಹಾಕಿದಾಗ ಹದಿನಾಲ್ಕನೇ ಹಾಳೆಯ ನಕಲು ಇಟ್ಟಿದ್ರಲ್ಲ. ಮೊದಲ ಸಾಲು ಪೂರ್ತಿ, ಕೆಳಗಿನದೆಲ್ಲ ಚುಕ್ಕೆ. ಇದು ಹಿಂದಿನಂತೆ ಇರಬಹುದೇ ಅಂತ ಅಂಚಿನಲ್ಲಿ ಬರೆದಿದ್ದೆ. ಇಲ್ಲೇ ಇರಬೇಕು." ಕಡತ ತಿರುವಿ ತೋರಿಸಿದರು. ಪೆನ್ಸಿಲಿನಲ್ಲಿ ಬರೆದ ಸಣ್ಣ ಅಕ್ಷರ. ಪಕ್ಕದಲ್ಲಿ ತಾರೀಕು. ನಾಲ್ಕು ವರ್ಷ ಹಿಂದಿನದು.

ಅವಳು ಆ ತಾರೀಕನ್ನು ನೋಡಿದಳು. ಅದಾದ ಮೇಲೆ ಹನ್ನೊಂದು ಅರ್ಜಿ ಹಾಕಿದ್ದಳು.

"ನನಗೆ ಒಂದು ಮಾತು ತಿಳಿಸಿದ್ದರೆ..."

"ಕಾರಣ ತಿಳಿಸುವ ಪದ್ಧತಿ ಇಲ್ಲ," ಅಂದರು ಗಡಿಯಾರದವರು, ಕೆಟ್ಟದಾಗಿ ಅಲ್ಲ. "ಒಬ್ಬರಿಗೆ ತಿಳಿಸಿದ್ರೆ ಎಲ್ಲರಿಗೂ ತಿಳಿಸಬೇಕಾಗುತ್ತೆ."

ಎಳೆಯ ಅಧ್ಯಾಪಕನಿಗೆ ಅಯ್ಯೋ ಅನ್ನಿಸಿರಬೇಕು. "ಈಗ ನಿಮ್ಮ ವಿಷಯ ಏನು ಹಾಗಾದ್ರೆ?"

"ಹತ್ತು ಜನ ಬಂದಿದ್ದಾರೆ," ಅಂದಳು. "ಹದಿನಾಲ್ಕನೇ ಹಾಳೆಯವರು. ಅವರು ನಿಜವಾಗಿಯೂ ಬಂದಿದ್ದಾರೆ."

"ಹತ್ತು ಜನರ ಮೇಲೆ ಪಿಎಚ್.ಡಿ. ಆಗುತ್ತಾ?"

ಅವಳು ಹದಿನಾಲ್ಕನೆಯ ಹಾಳೆಯ ಚಿತ್ರವನ್ನು ಮೇಜಿನ ನಡುವಿಗೆ ಸರಿಸಿದಳು.

"ಉಳಿದವರ ಮೇಲೆ, ಅಂದ್ರೆ ಮರಣಗಳ ಮೇಲೆ, ಆಗಲೇ ಮೂರು ಪ್ರಬಂಧ ಬಂದಿವೆ," ಅಂದರು ಪ್ರಾಧ್ಯಾಪಕಿ. ಕೆಮ್ಮು ಬಂತು, ಲೋಟಕ್ಕೆ ಕೈಚಾಚಿದರು. ಕೆಮ್ಮು ಇಳಿದ ಮೇಲೆ ಚಿತ್ರವನ್ನು ಮತ್ತೆ ಎತ್ತಿ, "ಪಟ್ಟಿ ತೆಗೆದವರು ಯಾರು? ಒಂದು ಎಳೆ ಹಾಳಾಗಿಲ್ಲವಲ್ಲ" ಅಂದರು.

"ನಾನೇ."

"ಬಹಳ ಒಳ್ಳೆ ಕೈ," ಅಂದರು. ಅದನ್ನು ಮನಸ್ಸಿನಿಂದಲೇ ಹೇಳಿದ್ದರು. ಆರು ವರ್ಷದಲ್ಲಿ ವಿಶ್ವವಿದ್ಯಾಲಯವೊಂದು ಅವಳಿಗೆ ಹೇಳಿದ ಒಳ್ಳೆಯ ಮಾತು ಅದೊಂದೇ.

ಹದಿನೆಂಟನೆಯ ವಿಷಾದ ಹನ್ನೆರಡು ದಿನಗಳ ಮೇಲೆ ಬಂತು. ಅವಳು ಅದನ್ನು ಬಸ್ಸಿನಲ್ಲಿ ನಿಂತು ಓದಿದಳು. ಆ ವರ್ಷ ಅರ್ಜಿ ಹಾಕಿದ್ದು ಇದೊಂದೇ ಕಡೆಗೆ. ಮುಂದಿನ ವರ್ಷ ಎಂಬುದು ಇರಲಿಲ್ಲ. ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಒಳಗಿನಿಂದ ಅಮ್ಮ ಕೇಳಲಿಲ್ಲ. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

"ಕೈಕಾಲು ತೊಳ್ಕೊಂಡು ಬಾ," ಅಂದಳು ಅಮ್ಮ. "ಬಿಸಿ ಇದೆ, ಉಣ್ಣುವಿಯಂತೆ."

ಉಂಡಾದ ಮೇಲೆ ಅಮ್ಮ ತಟ್ಟೆ ಎತ್ತುತ್ತ ಅಂದಳು, "ಆ ನೂಲೋಳು ಬಂದಳು ಅಂದ್ಯಲ್ಲ. ಮನೇಲಿ ಯಾರಿದ್ರೋ ಏನೋ, ಬಂದಾಗ."

ಅದನ್ನು ಅವಳು ಯೋಚಿಸಿರಲಿಲ್ಲ. ದಾರಿಯನ್ನು ಯೋಚಿಸಿದ್ದಳು. ಬಾಗಿಲು ತೆರೆದವರು ಯಾರು, ತೆರೆಯಲು ಯಾರಾದರೂ ಇದ್ದರೇ ಎಂಬುದು ಹೊಳೆದಿರಲಿಲ್ಲ. ಹೊಳೆದರೂ ಈಗ ಅದನ್ನು ಯಾರ ಮುಂದೆ ಇಡುವುದು?

ಮರುದಿನ ಅವಳು ಮೇಲ್ವಿಚಾರಕರ ಮೇಜಿನ ಬಳಿ ಹೋಗಿ ವಹಿಯ ಉಳಿದ ಹಾಳೆಗಳನ್ನೂ ಮುಗಿಸಿಬಿಡಲೇ ಎಂದು ಕೇಳಿದಳು. ಅವರು ಮೊದಲ ಸಲ ತಲೆಯೆತ್ತಿ ನೋಡಿದರು. "ಸಿಗಲಿಲ್ವಾ?" ಅಂದರು. ಇಲ್ಲವೆಂದಳು. "ಮುಗಿಸಿ" ಅಂದರು.

ಮೂವತ್ತೇಳು ಹಾಳೆ ಬಾಕಿಯಿದ್ದವು. ದಿನಕ್ಕೆ ನಾಲ್ಕರಂತೆ ಮಾಡಿದಳು. ಮೊದಲ ದಿನ ಪ್ರತಿ ಪಟ್ಟಿ ಎತ್ತುವಾಗಲೂ ಉಸಿರು ಹಿಡಿಯುತ್ತಿದ್ದಳು. ಒಂದಾದರೂ ಹಾಳೆಯ ತಲೆಯಲ್ಲಿ ಬೇರೆ ಮಾತು ಇರಬಹುದು. ಒಂದಿದ್ದರೆ ಹತ್ತು ಜನ. ಹತ್ತಕ್ಕೆ ಹತ್ತು ಸೇರಿದರೆ ಇಪ್ಪತ್ತು. ಎರಡನೆಯ ದಿನ ಉಸಿರು ಹಿಡಿಯುವುದು ಕಡಿಮೆಯಾಯಿತು. ಬಡಗಿಯ ಹಾಳೆ ಬಂತು. ಕುರುಡನ ಹಾಳೆ ಬಂತು; ಅವನನ್ನು ಯಾರೂ ಕೈಹಿಡಿದು ಎಲ್ಲಿಗೂ ಕರೆತಂದಿರಲಿಲ್ಲ. ಬೀಗದಣ್ಣ ಬೆಳಿಗ್ಗೆ ಬಂದು ಎದುರಿಗೆ ನಿಲ್ಲುತ್ತಿದ್ದ, ಅವಳ ಮುಖ ನೋಡುತ್ತಿದ್ದ, ತಮಾಷೆ ಮಾಡದೆ ಹೋಗುತ್ತಿದ್ದ. ಹತ್ತನೆಯ ದಿನ ನಲವತ್ತೊಂದನೆಯ ಹಾಳೆಯ ಪಟ್ಟಿ ಎದ್ದು ಬಂತು. ಮೃತ.

ಶಿಬಿರಕ್ಕೆ ಹೋದವರ ವಿಷಯದಲ್ಲಿ ಊರು 'ಹೋದವರು ಬರುವುದಿಲ್ಲ' ಎಂದು ಹೇಳಿದ್ದು ಹತ್ತು ಜನ ಬಿಟ್ಟರೆ ಸರಿಯಾಗಿಯೇ ಇತ್ತು.

ಇನ್ನು ಚೀಟಿಗಳು ಉಳಿದಿದ್ದವು. ಅಂಗೈಯಗಲದ ಬಿಳಿ ಚೀಟಿ, ಹಾಳೆಗೊಂದು. ಅವಳು ಮೊದಲ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದಳು. ಮೇಲಂಚಿನ ಹಳೆಯ ಪಟ್ಟಿ ತೆಗೆಯಲಾಗಿದೆ. ತೆಳುಕಾಗದ ಹಚ್ಚಲಾಗಿದೆ. ಮೊದಲ ಸಾಲು: ಮೃತ. ಕೆಳಗಿನ ಒಂಬತ್ತು ಸಾಲುಗಳ 'ಹಿಂ.' ಎಂಬುದನ್ನು ಹಿಂದಿನಂತೆ ಎಂದು ಓದತಕ್ಕದ್ದು. ಎರಡನೆಯ ಚೀಟಿಯಲ್ಲೂ ಅಷ್ಟನ್ನೂ ಬರೆದಳು. ಮೂರನೆಯದರಲ್ಲಿ ಅವಳ ಕೈ ತಾನಾಗಿಯೇ ಒಂದಕ್ಷರ ಬರೆದು ಒಂದು ಚುಕ್ಕೆ ಇಟ್ಟು ನಿಂತಿತು.

ಅಳಿಸಲು ರಬ್ಬರ್ ಎತ್ತಿಕೊಂಡಳು. ಅಳಿಸಲಿಲ್ಲ. ನಾಲ್ಕಕ್ಕೂ ಅದೇ, ಐದಕ್ಕೂ ಅದೇ. ಆ ಗುಮಾಸ್ತ ಸೋಮಾರಿಯಾಗಿರಲಿಲ್ಲ ಎಂದು ಬೀಗದಣ್ಣನಿಗೆ ಹೇಳಬೇಕು ಅಂದುಕೊಂಡಳು. ಹದಿಮೂರರವರೆಗೆ ಸರಾಗವಾಗಿ ಹೋಯಿತು.

ಹದಿನಾಲ್ಕಕ್ಕೆ ನಿಲ್ಲಬೇಕಾಯಿತು. ಅಲ್ಲಿ ಹಿಂ. ಎಂದು ಬರೆಯುವಂತಿರಲಿಲ್ಲ, ಬರೆದರೆ ನೂಲುವವಳು, ಅವಳ ಜೊತೆಗಿನ ಒಂಬತ್ತು ಜನ ಈ ಚೀಟಿಯ ದೆಸೆಯಿಂದ ಸತ್ತಂತಾಗುತ್ತಿತ್ತು. ಪೆನ್ಸಿಲು ಚೂಪು ಮಾಡಿಕೊಂಡು ನಿಧಾನವಾಗಿ ಬರೆದಳು. ಈ ಹಾಳೆಗೆ ಪಟ್ಟಿ ಇರಲಿಲ್ಲ. ಮೊದಲ ಸಾಲು: ಮನೆಗೆ ಹಿಂದಿರುಗಿದಳು. ಕೆಳಗಿನ ಒಂಬತ್ತು ಜನರೂ ಹಾಗೆಯೇ. ಬರೆದು ಹಾಳೆಯ ಜೊತೆ ಸೇರಿಸಿ, ಸ್ವಲ್ಪ ಹೊತ್ತು ಅದರ ಮೇಲೆ ಕೈ ಇಟ್ಟುಕೊಂಡಳು.

ಹದಿನೈದನೆಯ ಚೀಟಿ ಎಳೆದುಕೊಂಡಳು. ಅಭ್ಯಾಸಬಲದಿಂದ ಕೈ ಒಂದಕ್ಷರ ಬರೆಯಿತು. ಬರೆದ ಮೇಲೆ ನೋಡಿದಳು. ಚುಕ್ಕೆ ಇನ್ನೂ ಇಟ್ಟಿರಲಿಲ್ಲ. ಒಂದು ಚುಕ್ಕೆ ಇಟ್ಟರೆ ಸಾಕಿತ್ತು, ಹದಿನೈದನೆಯ ಹಾಳೆಯವರು ಹತ್ತಕ್ಕೆ ಹತ್ತೂ ಮನೆಗೆ ಹೋಗುತ್ತಿದ್ದರು. ಹದಿನಾರರವರು ಅವರ ಹಿಂದೆ. ಬಡಗಿ ಇಪ್ಪತ್ತೆರಡರಲ್ಲಿದ್ದ, ಕುರುಡ ಮೂವತ್ತರಲ್ಲಿ. ಯಾವ ಪಟ್ಟಿಯನ್ನೂ ಅಂಟಿಸಬೇಕಾಗಿರಲಿಲ್ಲ.

ಹೊರಗೆ ಬೀಗದ ಕೈಗಳ ಸದ್ದಾಯಿತು. "ಅಂಟಕ್ಕ, ಎಷ್ಟು ಉಳೀತು?"

"ಇಪ್ಪತ್ತೇಳು," ಅಂದಳು.

ರಬ್ಬರಿನಿಂದ ಆ ಅಕ್ಷರ ತೆಗೆದಳು. ಪುಡಿಯನ್ನು ಊದಿ, ಅದೇ ಜಾಗದಲ್ಲಿ ಮೃತ ಎಂದು ಪೂರ್ತಿಯಾಗಿ ಬರೆದಳು.